ಚೈನ್ ಸಾ ಕೊಂಡರೆ ಸಾಲದು, ಕಾಲಿಗೆ ಕವಚವೂ ಬೇಕು

ನಮ್ಮ ಕರಾವಳಿ, ಮಲೆನಾಡಿನ ತೋಟಗಳಿಗೆ ಚೈನ್ ಸಾ ಬಂದದ್ದು ಶೋಕಿಗಾಗಿ ಅಲ್ಲ. ಮರ ಕೊಯ್ಯುವ ಜನ ಸಿಗುವುದಿಲ್ಲ. ಮಳೆಗಾಲದ ಗಾಳಿಗೆ ದಾರಿಗಡ್ಡ ಬಿದ್ದ ಮರವನ್ನು ಕೊಡಲಿಯಲ್ಲಿ ಕಡಿಯಲು ಅರ್ಧ ದಿನ ಹೋಗುತ್ತದೆ. ಈ ಯಂತ್ರಕ್ಕೆ ಕಾಲು ಗಂಟೆ ಸಾಕು. ಹಾಗಾಗಿ ಕೊಳ್ಳಬೇಡಿ ಎಂದು ನಾನು ಹೇಳುವುದಿಲ್ಲ.

ನನ್ನ ತಕರಾರು ಬೇರೆ. ಯಂತ್ರ ಮನೆಗೆ ಬರುತ್ತದೆ. ಅದರ ಜತೆಗೆ ಬರಬೇಕಾದ್ದು ಅಂಗಡಿಯಲ್ಲೇ ಉಳಿಯುತ್ತದೆ. ಮುಖಪರದೆ ಇರುವ ಹೆಲ್ಮೆಟ್, ಕಿವಿಮುಚ್ಚಳ, ಕಾಲಿನ ಕವಚ, ಸರಿ ಅಳತೆಯ ಅರ, ಇಷ್ಟರ ಮೇಲೆ ಒಂದು ದಿನದ ಕಲಿಕೆ. ಇವಿಲ್ಲದ ಚೈನ್ ಸಾ ಅರ್ಧ ಯಂತ್ರ. ಅರ್ಧ ಯಂತ್ರವನ್ನು ನಾವು ಕೊಳ್ಳಬಾರದು, ನೆರೆಮನೆಗೆ ಎರವಲು ಕೊಡಬಾರದು, ಸಂಬಳಕ್ಕೆ ಬಂದವರ ಕೈಗೂ ಹಿಡಿಸಬಾರದು.

ಕತ್ತಿಯಂತಲ್ಲ ಇದು

"ಸಣ್ಣಂದಿನಿಂದ ಕತ್ತಿ ಹಿಡಿದವರಿಗೆ ಇದೇನು ಮಹಾ?" ಎನ್ನುವವರಿದ್ದಾರೆ. ಕತ್ತಿ ಜಾರಿದರೆ ಒಂದು ಪೆಟ್ಟು, ಅಲ್ಲಿಗೆ ನಿಂತಿತು. ಚೈನ್ ಓಡುವುದು ಸೆಕೆಂಡಿಗೆ ಸುಮಾರು 20 ಮೀಟರ್ ವೇಗದಲ್ಲಿ. ಕಾಲು ಹಿಂದೆ ಎಳೆಯಬೇಕೆಂದು ನಮ್ಮ ತಲೆಗೆ ಹೊಳೆಯುವುದರೊಳಗೆ ಹತ್ತಾರು ಹಲ್ಲುಗಳು ದಾಟಿ ಆಗಿರುತ್ತವೆ. ಕತ್ತಿಯ ಗಾಯದ ಹಾಗೆ ಇದು ನೇರ ಗೆರೆ ಎಳೆಯುವುದಿಲ್ಲ. ಮಾಂಸವನ್ನೇ ಕಿತ್ತು ತೆಗೆಯುತ್ತದೆ, ಜತೆಗೆ ಎಣ್ಣೆ, ಮರದ ಹುಡಿಯನ್ನು ಒಳಗೆ ತುಂಬುತ್ತದೆ. ಹೊಲಿಯುವುದೂ ಕಷ್ಟ, ಮಾಯುವುದೂ ನಿಧಾನ.

ಎಲ್ಲಕ್ಕಿಂತ ದೊಡ್ಡ ಅಪಾಯ ಯಂತ್ರದ ಒದೆತ. ಬಾರಿನ ತುದಿಯ ಮೇಲರ್ಧ ಯಾವುದಾದರೂ ಗಟ್ಟಿ ವಸ್ತುವಿಗೆ ತಾಗಿದರೆ ಸಾಕು, ಬಾರು ಒಮ್ಮೆಲೇ ಮೇಲಕ್ಕೆ ಚಿಮ್ಮಿ ಹಿಡಿದವನ ಮುಖ, ಕುತ್ತಿಗೆಯತ್ತ ಬರುತ್ತದೆ. ಕೊಯ್ಯುವ ಮರದ ಹಿಂದೆ ಅಡಗಿರುವ ಇನ್ನೊಂದು ಗೆಲ್ಲಿಗೆ ತುದಿ ತಾಗುವುದು ಇದಕ್ಕೆ ಸಾಮಾನ್ಯ ಕಾರಣ. ಎದುರಿನ ಹಿಡಿಯ ಮುಂದೆ ಇರುವ ಪ್ಲಾಸ್ಟಿಕ್ ಗಾರ್ಡು ಬರೀ ಕೈ ಕಾಯಲು ಇರುವುದಲ್ಲ, ಅದು ಚೈನ್ ಬ್ರೇಕ್. ಒದೆತ ಬಂದಾಗ ಚೈನನ್ನು ಕ್ಷಣಾರ್ಧದಲ್ಲಿ ನಿಲ್ಲಿಸುತ್ತದೆ. ಅದು ಮುರಿದಿದ್ದರೆ ಅಥವಾ ಹುಡಿ ತುಂಬಿ ಬಿಗಿಯಾಗಿದ್ದರೆ ಆ ದಿನ ಕೆಲಸ ಬೇಡ.

ಅಭ್ಯಾಸಗಳೂ ಬೇಕು. ಎಡಗೈಯ ಹೆಬ್ಬೆರಳು ಎದುರಿನ ಹಿಡಿಯನ್ನು ಸುತ್ತಿ ಹಿಡಿದಿರಲಿ. ಬಾರಿನ ನೇರಕ್ಕೆ ತಲೆ ಬರದಂತೆ ಸ್ವಲ್ಪ ಎಡಕ್ಕೆ ನಿಲ್ಲಿ. ಭುಜಕ್ಕಿಂತ ಮೇಲೆ ಕೊಯ್ಯಬೇಡಿ, ಏಣಿ ಮೇಲೆ ನಿಂತಂತೂ ಬೇಡವೇ ಬೇಡ. ಸ್ಟಾರ್ಟ್ ಮಾಡುವಾಗ ಬ್ರೇಕ್ ಹಾಕಿ, ಯಂತ್ರವನ್ನು ನೆಲಕ್ಕಿಟ್ಟು, ಹಿಂದಿನ ಹಿಡಿಯನ್ನು ಬಲಗಾಲಿನಲ್ಲಿ ಮೆಟ್ಟಿ ಹಗ್ಗ ಎಳೆಯಿರಿ. ಕೈಯಲ್ಲಿ ನೇತಾಡಿಸಿ ಎಳೆಯುವುದನ್ನು ಕಂಡು ಮಕ್ಕಳೂ ಅದನ್ನೇ ಕಲಿಯುತ್ತಾರೆ.

ಕಾಲಿನ ಕವಚ ಏನು ಮಾಡುತ್ತದೆ?

ಕಾಲಿನ ಕವಚ ಎಂದರೆ ದಪ್ಪ ಬಟ್ಟೆಯ ಚಡ್ಡಿ ಎಂದೇ ಅನೇಕರ ತಿಳುವಳಿಕೆ. ಅದರೊಳಗೆ ಉದ್ದುದ್ದ ನೂಲಿನ ಪದರಗಳಿವೆ. ಚೈನ್ ತಾಗಿದೊಡನೆ ಆ ನೂಲು ಹೊರಗೆ ಎಳೆದು ಬಂದು ಸ್ಪ್ರಾಕೆಟಿಗೆ ಸುತ್ತಿ, ಓಡುತ್ತಿರುವ ಯಂತ್ರವನ್ನೇ ಕಟ್ಟಿ ನಿಲ್ಲಿಸುತ್ತದೆ. ಕವಚದ ಮೇಲೆ ಕ್ಲಾಸ್ 1 ಎಂದಿದ್ದರೆ ಸೆಕೆಂಡಿಗೆ 20 ಮೀಟರ್ ವೇಗದ ಚೈನಿನಿಂದ ಅದನ್ನು ಪರೀಕ್ಷಿಸಿದ್ದಾರೆ ಎಂದರ್ಥ. ಕ್ಲಾಸ್ 2 ಆದರೆ 24 ಮೀಟರ್. ಒಮ್ಮೆ ಚೈನ್ ತಾಗಿ ನೂಲು ಕಿತ್ತು ಬಂದ ಕವಚದ ಆಯುಷ್ಯ ಮುಗಿಯಿತು. ಹೊಲಿದು ಮತ್ತೆ ಹಾಕುವ ಹಾಗಿಲ್ಲ.

ಜೀನ್ಸ್ ಪ್ಯಾಂಟು, ಗಮ್ ಬೂಟು ಇದಕ್ಕೆ ಬದಲಿಯಲ್ಲ. ಲುಂಗಿ ಎತ್ತಿಕಟ್ಟಿ, ಹವಾಯಿ ಚಪ್ಪಲಿಯಲ್ಲಿ ಕೊಯ್ಯುವುದಂತೂ ಅಪಾಯವನ್ನು ಕರೆದು ಕೂರಿಸಿದಂತೆ. ನಮ್ಮ ಕಡೆ ದಿನಾ ಕಾಣುವ ದೃಶ್ಯ ಅದೇ.

"ಹತ್ತು ನಿಮಿಷದ ಕೆಲಸ, ಅದಕ್ಕೆಲ್ಲ ವೇಷ ಹಾಕ್ಲಿಕ್ಕುಂಟಾ ಮಾರಾಯ್ರೆ?" ಎಂದು ಕೇಳುವವರುಂಟು. ಸೆಕೆ ಹೌದು, ಬೆವರು ಹೌದು. ಆದರೆ ಹತ್ತು ನಿಮಿಷದ ಕೆಲಸಕ್ಕೆ ಹತ್ತು ನಿಮಿಷದ ಸೆಕೆ, ಅಷ್ಟೆ. ಬೆಳಗ್ಗೆ ಬೇಗ ಶುರು ಮಾಡಿ ಬಿಸಿಲೇರುವ ಮೊದಲು ಮುಗಿಸೋಣ. ಒಳ್ಳೆಯ ಕವಚ ಅಗ್ಗವಲ್ಲ, ಒಪ್ಪುತ್ತೇನೆ. ಆದರೆ ಒಂದು ತೊಡೆ ಸೀಳಿದರೆ ಆಸ್ಪತ್ರೆ ಖರ್ಚು ಒಂದೆಡೆ, ಕೊಯ್ಲಿನ ಸಮಯದಲ್ಲಿ ಮೂರು ತಿಂಗಳು ಮಲಗುವುದು ಇನ್ನೊಂದೆಡೆ. ಸಣ್ಣ ಹಿಡುವಳಿದಾರನ ಮನೆಯಲ್ಲಿ ದುಡಿಯುವ ಕಾಲುಗಳೇ ಆಸ್ತಿ.

ಬ್ಯಾಟರಿಯ ಯಂತ್ರಗಳೂ ಈಗ ಬಂದಿವೆ. ಸದ್ದಿಲ್ಲ, ಹೊಗೆಯಿಲ್ಲ ಎಂದು ಅವು ಆಟಿಕೆಯಲ್ಲ, ಚೈನ್ ಅದೇ. ಮೋಟಾರಿನ ಬಲದಿಂದಾಗಿ ನೂಲಿನ ಕವಚ ಅದನ್ನು ಅಷ್ಟು ಸುಲಭದಲ್ಲಿ ನಿಲ್ಲಿಸಲಾರದು ಎಂಬುದೂ ನೆನಪಿರಲಿ. ಚೈನ್ ಮುಟ್ಟುವ ಮೊದಲು ಬ್ಯಾಟರಿ ಕಳಚಿಡಿ.

ಮೊಂಡು ಚೈನ್ ಹೆಚ್ಚು ಅಪಾಯ

ಹರಿತ ಮಾಡಿದರೆ ಅಪಾಯ ಹೆಚ್ಚುತ್ತದೆ ಎಂಬ ನಂಬಿಕೆ ಇದೆ. ಸತ್ಯ ಇದರ ತಿರುಗುಮುರುಗು. ಹರಿತ ಚೈನ್ ಯಂತ್ರದ ಭಾರಕ್ಕೇ ಮರದೊಳಗೆ ಇಳಿಯುತ್ತದೆ. ಮೊಂಡಾದ್ದನ್ನು ನಾವು ಒತ್ತಬೇಕಾಗುತ್ತದೆ. ಒತ್ತಿದಾಗ ಕೈ ಸೋಲುತ್ತದೆ, ಬಾರು ಬಿಸಿಯಾಗುತ್ತದೆ, ಮರ ತುಂಡಾದೊಡನೆ ಒತ್ತಿದ ಬಲಕ್ಕೆ ಯಂತ್ರ ಸೀದಾ ಕಾಲಿನತ್ತ ಬರುತ್ತದೆ. ಗುರುತು ಸುಲಭ. ಚಕ್ಕೆ ಹಾರುತ್ತಿದ್ದರೆ ಹರಿತ ಇದೆ. ಹಿಟ್ಟಿನಂಥ ಹುಡಿ ಬೀಳುತ್ತಿದ್ದರೆ ಯಂತ್ರ ನಿಲ್ಲಿಸಿ ಅರ ಹಿಡಿಯಿರಿ.

ಸಣ್ಣ ಯಂತ್ರಗಳ ಲೋ ಪ್ರೊಫೈಲ್ ಚೈನಿಗೆ 4 ಮಿ.ಮೀ., .325 ಇಂಚು ಪಿಚ್ಚಿನ ಚೈನಿಗೆ 4.8 ಮಿ.ಮೀ. ದುಂಡು ಅರ ಸಾಮಾನ್ಯ. ನಿಮ್ಮದಕ್ಕೆ ಯಾವುದೆಂದು ಪುಸ್ತಿಕೆ ನೋಡಿಯೇ ತನ್ನಿ. ಒಳಗಿನಿಂದ ಹೊರಕ್ಕೆ, ಒಂದೇ ದಿಕ್ಕಿನಲ್ಲಿ, ಹೆಚ್ಚಿನ ಚೈನುಗಳಿಗೆ 30 ಡಿಗ್ರಿ ಓರೆಯಲ್ಲಿ ಅರ ಓಡಬೇಕು. ಎಲ್ಲ ಹಲ್ಲಿಗೂ ಲೆಕ್ಕ ಒಂದೇ ಇರಲಿ, ಇಲ್ಲದಿದ್ದರೆ ಕೊಯ್ತ ಒಂದು ಬದಿಗೆ ಎಳೆಯುತ್ತದೆ. ಪ್ರತಿ ಸಲ ಪೆಟ್ರೋಲ್ ತುಂಬುವಾಗ ಹಲ್ಲಿಗೆ ಎರಡು-ಮೂರು ಸಲ ಅರ ಎಳೆದರೆ ದೊಡ್ಡ ಕೆಲಸ ಬೀಳುವುದಿಲ್ಲ. ಹಲ್ಲಿನ ಮುಂದಿರುವ ಡೆಪ್ತ್ ಗೇಜ್ ಎಂಬ ಗಿಡ್ಡ ಗುಬ್ಬಿಯನ್ನು ಅಂದಾಜಿನಲ್ಲಿ ಉಜ್ಜಬೇಡಿ. ಅದು ಅಗತ್ಯಕ್ಕಿಂತ ತಗ್ಗಿದರೆ ಹಲ್ಲು ಆಳಕ್ಕೆ ಕಚ್ಚಿ ಒದೆತ ಜಾಸ್ತಿಯಾಗುತ್ತದೆ.

ಚೈನಿನ ಬಿಗಿಯನ್ನು ತಣ್ಣಗಿದ್ದಾಗ ನೋಡಬೇಕು. ಬಾರಿನ ಅಡಿಗೆ ಜೋತು ಬಿದ್ದಿರಬಾರದು, ಬ್ರೇಕ್ ಬಿಟ್ಟು ಕೈಯಲ್ಲಿ ಎಳೆದರೆ ಸಲೀಸಾಗಿ ಓಡಬೇಕು. ಎಳೆಯುವಾಗ ಗ್ಲೌಸ್ ಇರಲಿ, ಇಂಜಿನ್ ಬಂದ್ ಇರಲಿ. ಬಾರನ್ನು ಆಗಾಗ ಮಗುಚಿ ಹಾಕಿದರೆ ಎರಡೂ ಅಂಚು ಸಮ ಸವೆಯುತ್ತದೆ.

ಟೂ ಸ್ಟ್ರೋಕ್ ಇಂಜಿನಿಗೆ ಪುಸ್ತಿಕೆಯಲ್ಲಿ 1:50 ಎಂದಿದ್ದರೆ ಲೀಟರಿಗೆ 20 ಮಿ.ಲೀ. ಎಣ್ಣೆ, 1:25 ಎಂದಿದ್ದರೆ 40 ಮಿ.ಲೀ. ಕಣ್ಣಂದಾಜು ಬೇಡ. ಈಗ ಬಂಕಿನ ಪೆಟ್ರೋಲಿನಲ್ಲಿ ಶೇ. 20ರವರೆಗೆ ಎಥೆನಾಲ್ ಇದೆ, ಅದು ತೇವ ಎಳೆಯುತ್ತದೆ. ಮಿಶ್ರಣವನ್ನು ತಿಂಗಳುಗಟ್ಟಲೆ ಇಡಬೇಡಿ. ಯಂತ್ರಕ್ಕೆ ಬಹುಕಾಲ ಕೆಲಸವಿಲ್ಲದಿದ್ದರೆ ಟ್ಯಾಂಕ್ ಖಾಲಿ ಮಾಡಿ ಇಡಿ. ಚೈನಿಗೆ ಹಳೆ ಇಂಜಿನ್ ಆಯಿಲ್ ಹೊಯ್ಯುವುದು ದುಂದುಗಾರಿಕೆಯೇ. ಅದರಲ್ಲಿರುವ ಲೋಹದ ಹುಡಿ ಬಾರನ್ನೂ ಪಂಪನ್ನೂ ತಿನ್ನುತ್ತದೆ, ಹಾರಿದ ಎಣ್ಣೆ ನಮ್ಮ ಮೈಗೇ ಬೀಳುತ್ತದೆ.

ಅಡಿಕೆ, ತೆಂಗು, ಗಾಳಿಗೆ ಬಿದ್ದ ಮರ

ಸಾಮಾನ್ಯ ಮರಕ್ಕೆ ಬೀಳಬೇಕಾದ ಬದಿಯಲ್ಲಿ ವ್ಯಾಸದ ನಾಲ್ಕು ಅಥವಾ ಐದರಲ್ಲೊಂದು ಪಾಲು ಕಚ್ಚು ಹಾಕಿ, ಹಿಂದಿನಿಂದ ಕೊಯ್ದು, ಹತ್ತರಲ್ಲೊಂದು ಪಾಲನ್ನು ಬಾಗಿಲ ಬಿಜಾಗರಿಯಂತೆ ಉಳಿಸುವುದು ಕ್ರಮ. ತೆಂಗಿನ ಜಾತಿಯ ಮರಗಳಲ್ಲಿ ಗಟ್ಟಿ ನಾರು ಹೊರಸುತ್ತಿನಲ್ಲಿ, ಒಳಗೆ ಮೆದು. ಬಿಜಾಗರಿಯನ್ನು ಅಷ್ಟು ನಂಬುವಂತಿಲ್ಲ. ಹಗ್ಗ ಕಟ್ಟಿ, ಬೀಳುವ ಜಾಗದಿಂದ ದೂರ ನಿಂತು ಎಳೆಯುವವರು ಇರಬೇಕು. ಸಿಡಿಲು ಬಡಿದ, ತಲೆ ಕೊಳೆತ ಮರವಾದರೆ ಯಂತ್ರದ ಅದುರಿಗೇ ಮಂಡೆ ಕಳಚಿ ಬೀಳಬಹುದು. ಇವುಗಳ ಉದ್ದ ನಾರು ಸ್ಪ್ರಾಕೆಟ್ ಮುಚ್ಚಳದೊಳಗೆ ಸುತ್ತಿಕೊಳ್ಳುತ್ತದೆ. ಆಗಾಗ ಇಂಜಿನ್ ನಿಲ್ಲಿಸಿ ತೆಗೆಯಿರಿ. ಏರ್ ಫಿಲ್ಟರನ್ನೂ ಅದೇ ದಿನ ಬಿಡಿಸಿ ಶುಚಿ ಮಾಡಿ.

ಗಾಳಿಗೆ ಮಗುಚಿದ ಮರ ಬಿಲ್ಲಿನಂತೆ ಸೆಟೆದಿರುತ್ತದೆ. ಒತ್ತಿದ ಬದಿಯಲ್ಲಿ ಮೊದಲು ಸ್ವಲ್ಪ ಕಚ್ಚು ಹಾಕಿ, ಆಮೇಲೆ ಎಳೆದ ಬದಿಯಿಂದ ನಿಧಾನ ಕೊಯ್ಯಬೇಕು. ಕಾಂಡ ತುಂಡಾದೊಡನೆ ಬೇರಿನ ಮುದ್ದೆ ಮತ್ತೆ ಗುಂಡಿಗೆ ಕೂರುವುದುಂಟು. ಅದರ ಹಿಂದೆ ಮಕ್ಕಳು ನಿಂತಿರಬಾರದು. ಕರೆಂಟ್ ತಂತಿ ಮುಟ್ಟಿದ ಮರದ ಹತ್ತಿರ ಹೋಗಲೇಬೇಡಿ, 1912ಕ್ಕೆ ಫೋನ್ ಮಾಡಿ, ಲೈನ್‌ಮನ್ ಬಂದು ಲೈನ್ ಬಂದ್ ಮಾಡಿದ ಮೇಲೆಯೇ ಕೆಲಸ. ಒಬ್ಬರೇ ಕೊಯ್ಯಲು ಹೋಗಬೇಡಿ. ಗಾಯವಾದರೆ ಶುಚಿ ಬಟ್ಟೆಯಿಂದ ಗಟ್ಟಿಯಾಗಿ ಒತ್ತಿ ಹಿಡಿದು 108 ಕರೆಯಲು ಇನ್ನೊಬ್ಬರು ಬೇಕು.

ಈ ಯಂತ್ರದಲ್ಲಿ ಮುರಕಲ್ಲು, ಹಳೆ ಕಾಂಕ್ರೀಟ್ ಕಂಬ ಕೊಯ್ಯುವ ಸಾಹಸವೂ ಬೇಡ. ಪೇಟೆಯಲ್ಲಿ ಕಾಂಕ್ರೀಟ್ ಕೊಯ್ಯುವ ಹೈಡ್ರಾಲಿಕ್ ಚೈನ್ ಸಾ ಬೇರೆಯೇ ಜಾತಿಯದ್ದು. ಅದರ ಚೈನಿಗೆ ಹಲ್ಲಿನ ಬದಲು ವಜ್ರದ ಹರಳು ಕೂಡಿಸಿದ ತುಂಡುಗಳಿರುತ್ತವೆ, ನೀರು ಹರಿಯುತ್ತಿರುತ್ತದೆ. ಅದನ್ನು ನಡೆಸುವುದು ಕಲಿತವರ ಕೆಲಸ.

ಎರವಲು ಕೊಡುವ ಮುನ್ನ

ನಮ್ಮೂರುಗಳಲ್ಲಿ ಏಣಿ, ಹಾರೆ ಎರವಲು ಕೊಡುವುದು ಸಂಬಂಧ ಉಳಿಸುವ ದಾರಿ. ಚೈನ್ ಸಾ ಆ ಸಾಲಿಗೆ ಸೇರುವುದಿಲ್ಲ. ಕೇಳಿದವರಿಗೆ ಇಲ್ಲ ಎನ್ನಲು ನಾಲಿಗೆ ಬಾರದಿದ್ದರೆ ಹೆಲ್ಮೆಟ್, ಕವಚವನ್ನೂ ಜತೆಗೇ ಕೊಟ್ಟು, "ಇದನ್ನು ಹಾಕುದಾದ್ರೆ ಮಾತ್ರ ಮಿಶನ್" ಎಂದು ಹೇಳಿ. ಮುನಿಸಿಕೊಂಡರೆ ನಾಲ್ಕು ದಿನ ಮುನಿಸಿಕೊಳ್ಳಲಿ.

ಸ್ವಂತ ಯಂತ್ರ ತರುವ ಕೆಲಸಗಾರರ ಬಗ್ಗೆ "ಅವನ ಮಿಶನ್, ಅವನ ಜವಾಬ್ದಾರಿ" ಎಂದು ನಾವು ಕೈತೊಳೆದುಕೊಳ್ಳುತ್ತೇವೆ. ಗಾಯ ಆಗುವುದು ನಮ್ಮ ತೋಟದಲ್ಲಿ, ನಮ್ಮ ಕೆಲಸಕ್ಕೆ. ಫೋನಿನಲ್ಲಿ ಸಂಬಳ ಮಾತಾಡುವಾಗಲೇ "ಕಾಲಿಗೆ ಕವಚ ಉಂಟಾ?" ಎಂದು ಕೇಳೋಣ. ಅದಕ್ಕೆ ಸ್ವಲ್ಪ ಹೆಚ್ಚು ಕೇಳಿದರೆ ಚೌಕಾಸಿ ಮಾಡದೆ ಕೊಡೋಣ. ಎಲ್ಲರೂ ಕೇಳತೊಡಗಿದರೆ ಕವಚವಿಲ್ಲದವನಿಗೆ ಕೆಲಸ ಕಡಿಮೆಯಾಗುತ್ತದೆ. ಯಾವ ಕಾನೂನಿಗಿಂತಲೂ ಬೇಗ ಬದಲಾವಣೆ ತರುವ ದಾರಿ ಇದು.

ಒಬ್ಬೊಬ್ಬರೇ ಕೊಳ್ಳಲು ಕಷ್ಟವಾದರೆ ನಮ್ಮ ಸಹಕಾರಿ ಸಂಘಗಳು ಎರಡು ಮೂರು ಜತೆ ಕವಚ, ಹೆಲ್ಮೆಟ್ ಇಟ್ಟುಕೊಂಡು ಬಾಡಿಗೆಗೆ ಕೊಡಬಹುದು. ಗೊಬ್ಬರ, ಮೈಲುತುತ್ತು ಮಾರುವಲ್ಲಿ ಇದಕ್ಕೊಂದು ಮೂಲೆ ಸಿಗದೇ? ಯಂತ್ರಕ್ಕೆ ಸರಕಾರ ಸಹಾಯಧನ ಕೊಡುವುದಾದರೆ ರಕ್ಷಣೆಯ ಉಡುಪು, ಅರ, ಒಂದು ದಿನದ ತರಬೇತಿ ಅದರೊಳಗೇ ಸೇರಿರಲಿ. ಮಾರುವವರು ಅಂಗಡಿಯ ಮುಂದೆ ಎರಡು ನಿಮಿಷ ಓಡಿಸಿ ತೋರಿಸುವುದನ್ನು ಕಲಿಕೆ ಎನ್ನಲಾಗದು.

ಮುಂದಿನ ಮಳೆಗಾಲದ ಗಾಳಿಗೆ ಮರಗಳು ಬಿದ್ದೇ ಬೀಳುತ್ತವೆ. ಅದಕ್ಕೆ ಮೊದಲು ನಿಮ್ಮ ಯಂತ್ರದ ಚೈನ್ ಬ್ರೇಕ್ ಕೆಲಸ ಮಾಡುತ್ತದೆಯೇ ಎಂದು ಒಮ್ಮೆ ನೋಡಿಬಿಡಿ. ಸಂಘದ ಮುಂದಿನ ಸಭೆಯಲ್ಲಿ ಕವಚದ ವಿಷಯ ಎತ್ತಿ. ಬೇರೆ ಊರಿನಲ್ಲಿ ಇಂಥ ಏರ್ಪಾಡು ಆಗಿದ್ದರೆ ಬರೆದು ತಿಳಿಸಿ, ಉಳಿದವರಿಗೂ ದಾರಿಯಾದೀತು.