ಬದಲಾಗಬೇಕಿದ್ದುದು ಹೆಸರಲ್ಲ, ಕೋಡ್

ಕಾಲೇಜು ಫೆಸ್ಟ್‌ಗೆಂದು ಜೂನಿಯರ್ ಒಬ್ಬ ಪಿಎಚ್‌ಪಿಯಲ್ಲಿ ನೋಂದಣಿ ಫಾರ್ಮ್ ಮಾಡಿದ್ದ. ಎಲ್ಲರ ಹೆಸರೂ ಸೇರುತ್ತಿತ್ತು, ಡಿ'ಸೋಜಾ ಎಂದು ಟೈಪಿಸಿದರೆ ಮಾತ್ರ ಎರರ್. ‘ನಡುವಿನ ಆ ಚಿಹ್ನೆ ಬಿಟ್ಟು ಬರೆಯಲು ಹೇಳು’ ಎಂದುಬಿಟ್ಟೆ. ಆ ಹೊತ್ತಿನ ಕೆಲಸ ಮುಗಿಯಿತು, ತಪ್ಪು ಹಾಗೇ ಉಳಿಯಿತು.

ಎಸ್‌ಕ್ಯೂಎಲ್‌ನಲ್ಲಿ ಆ ಚಿಹ್ನೆ ಎಂದರೆ ಪಠ್ಯ ಅಲ್ಲಿಗೆ ಮುಗಿಯಿತು ಎಂದರ್ಥ. ಹೆಸರನ್ನು ನೇರವಾಗಿ ಕ್ವೆರಿಗೆ ಅಂಟಿಸಿದರೆ ಡೇಟಾಬೇಸ್ ‘ಡಿ’ ಮಾತ್ರ ಹೆಸರೆಂದುಕೊಂಡು, ಉಳಿದದ್ದನ್ನು ಆದೇಶವೆಂದು ಓದುತ್ತದೆ. ಇದೇ ಸಂದಿಯಲ್ಲಿ ಕಿಡಿಗೇಡಿಯೊಬ್ಬ ತನ್ನ ಆದೇಶ ತುರುಕಿ ಎಲ್ಲರ ಫೋನ್ ನಂಬರ್ ಕದಿಯಬಹುದು. ಎಸ್‌ಕ್ಯೂಎಲ್ ಇಂಜೆಕ್ಷನ್ ಎಂದರೆ ಇದೇ. ಪರಿಹಾರ ಕಷ್ಟದ್ದೇನಲ್ಲ. ಪ್ರಿಪೇರ್ಡ್ ಸ್ಟೇಟ್‌ಮೆಂಟ್ ಬಳಸಿ, ಕ್ವೆರಿಯಲ್ಲಿ ಹೆಸರಿನ ಜಾಗಕ್ಕೆ ಪ್ರಶ್ನಾರ್ಥಕ ಚಿಹ್ನೆ ಇಟ್ಟು, ಹೆಸರನ್ನು ಪ್ರತ್ಯೇಕವಾಗಿ ಕಳಿಸಿದರಾಯಿತು.

ನಾವು ಸೀನಿಯರ್‌ಗಳು ಹಳೇ ಪ್ರಾಜೆಕ್ಟ್‌ನ ಕೋಡ್ ದಾಟಿಸುವುದನ್ನೇ ಸಹಾಯ ಎಂದುಕೊಂಡಿದ್ದೇವೆ. ಅದರಲ್ಲಿರುವ ಮೈಎಸ್‌ಕ್ಯೂಎಲ್ ಫಂಕ್ಷನ್‌ಗಳು 2015ರಲ್ಲಿ ಬಂದ ಪಿಎಚ್‌ಪಿ 7ರಲ್ಲೇ ಇಲ್ಲವಾಗಿವೆ. ಹೊಸಬರಿಗೆ ಬೇಕಿರುವುದು ಸಿದ್ಧ ಕೋಡ್ ಅಲ್ಲ. ಪಕ್ಕದಲ್ಲಿ ಕೂತು ಎರರ್ ಸಾಲನ್ನು ಜೊತೆಯಲ್ಲಿ ಓದಿ, ‘ಯಾಕೆ ಹೀಗಾಯ್ತು?’ ಎಂದು ಕೇಳುವವರು ಬೇಕು. ಅಂದು ನಾನು ಕೊಡದಿದ್ದುದು ಆ ಹತ್ತು ನಿಮಿಷವನ್ನೇ.