ಒಂದು ಕ್ಲಿಕ್ಕಿಗೆ ಸಿಗದ ಬಿಲ್ಲಾಳು

ಕಂಪ್ಯೂಟರಿನಲ್ಲಿ ಯುದ್ಧದ ಆಟ ಆಡುವ ಮಕ್ಕಳನ್ನು ಕಂಡರೆ ಹೆಚ್ಚಿನ ತಂದೆತಾಯಿಯರಿಗೆ ಸಿಟ್ಟು ಬರುತ್ತದೆ. ಓದುವ ಹೊತ್ತು ಹಾಳಾಯಿತು ಎಂಬ ಆ ಸಿಟ್ಟಿಗೆ ಅರ್ಥವಿಲ್ಲದಿಲ್ಲ. ಆದರೆ ಎಲ್ಲ ಆಟಗಳೂ ಬರೀ ಹೊಡೆದಾಟವಲ್ಲ. ಇತಿಹಾಸವನ್ನು ಆಧರಿಸಿದ ತಂತ್ರದ ಆಟಗಳಲ್ಲಿ ಕೈಚಳಕಕ್ಕಿಂತ ಯೋಚನೆಗೆ ಕೆಲಸ ಹೆಚ್ಚು. ಬ್ರಿಟನ್ನಿನ ಕ್ರಿಯೇಟಿವ್ ಅಸೆಂಬ್ಲಿ ಸಂಸ್ಥೆ 2000ದಲ್ಲಿ ಹೊರತಂದ 'ಶೋಗನ್: ಟೋಟಲ್ ವಾರ್' ಮತ್ತು 2011ರಲ್ಲಿ ಬಂದ ಅದರ ಮುಂದಿನ ರೂಪ 'ಶೋಗನ್ 2' ಈ ಬಗೆಯವು. ಸಾಮಂತರು ಅಧಿಕಾರಕ್ಕಾಗಿ ಕಾದಾಡುತ್ತಿದ್ದ ಹದಿನಾರನೆಯ ಶತಮಾನದ ಜಪಾನ್ ಇವುಗಳ ರಂಗಸ್ಥಳ.

ಈ ಆಟಗಳಲ್ಲಿ ಹೊಸಬರನ್ನು ಹೆಚ್ಚು ಕಾಡುವ ಪಡೆ ಬಿಲ್ಲಾಳುಗಳದು. ದೂರದಿಂದಲೇ ವೈರಿಯನ್ನು ಕೆಡವಬಹುದಲ್ಲ ಎಂದು ಸಾಲುಸಾಲಾಗಿ ಬಿಲ್ಲುಗಾರರನ್ನೇ ತುಂಬಿಸಿಕೊಂಡವರು ಬೇಗ ಪೆಟ್ಟು ತಿನ್ನುತ್ತಾರೆ. ವೈರಿಯ ರಾವುತರು ಒಮ್ಮೆ ಪಕ್ಕದಿಂದ ನುಗ್ಗಿದರೆ ಸಾಕು, ಆ ಸಾಲು ಚೆಲ್ಲಾಪಿಲ್ಲಿಯಾಗುತ್ತದೆ.

ನಿಲ್ಲುವ ಜಾಗವೇ ಬಲ

ಪಳಗಿದ ಆಟಗಾರರ ಕ್ರಮ ಬೇರೆ. ಮುಂದೆ ಈಟಿ ಹಿಡಿದ ಕಾಲಾಳುಗಳು, ಅವರ ಹಿಂದೆ ಬಿಲ್ಲಾಳುಗಳು; ಸಾಧ್ಯವಾದರೆ ಇಬ್ಬರೂ ಏರುದಿಣ್ಣೆಯ ಮೇಲೆ. ಬಾಣ ಕಮಾನಿನಂತೆ ಮೇಲೇರಿ ಇಳಿಯುವುದರಿಂದ ಮುಂದಿನವರ ತಲೆಯ ಮೇಲಿಂದಲೇ ಹಾರಿಸಬಹುದು. ಕೋವಿಯವರಿಗೆ ಈ ಅನುಕೂಲವಿಲ್ಲ, ಗುಂಡು ನೇರ ಹೋಗುತ್ತದೆ. ವೈರಿ ಹತ್ತಿರ ಬಂದು ಎರಡೂ ಕಡೆಯವರು ಕೈಕೈ ಮಿಲಾಯಿಸಿದ ಮೇಲೆ ಮಾತ್ರ ಬಾಣ ಬಿಡುವುದನ್ನು ನಿಲ್ಲಿಸಬೇಕು. ಇಲ್ಲವಾದರೆ ತಮ್ಮ ಬಾಣಕ್ಕೆ ತಮ್ಮವರೇ ಬೀಳುತ್ತಾರೆ. ಬತ್ತಳಿಕೆಯೂ ಅಕ್ಷಯವಲ್ಲ. ಆರಂಭದಲ್ಲಿ ದುಂದು ಮಾಡಿದವರ ಬಳಿ ಕೊನೆಯ ಗಳಿಗೆಗೆ ಬಾಣವೇ ಉಳಿಯದು.

ಕೈಯಲ್ಲಿರುವುದನ್ನು ಅಳೆದು ಬಳಸುವುದು, ದುರ್ಬಲರ ಬೆನ್ನಿಗೆ ಆಸರೆ ಕೊಡುವುದು, ನಿಲ್ಲಿಸಬೇಕಾದಾಗ ನಿಲ್ಲಿಸುವುದು ಎಲ್ಲವೂ ಇಲ್ಲಿ ಸೋಲಿನ ಮೂಲಕವೇ ಅರ್ಥವಾಗುತ್ತವೆ. ಇಷ್ಟು ಆಟದ ಲಾಭ. ಆದರೆ ಆಟ ಮರೆಮಾಚುವ ಒಂದು ಸಂಗತಿಯೂ ಇದೆ.

ಬಿಲ್ಲು ಮೊದಲು, ಕತ್ತಿ ಆಮೇಲೆ

ಸಮುರಾಯ್ ಎಂದರೆ ಇಂದು ಎಲ್ಲರ ಕಣ್ಣಮುಂದೆ ಬರುವುದು ಕತ್ತಿ. ಹಿಂದೆ ಹಾಗಿರಲಿಲ್ಲ. ಜಪಾನಿನ ಯೋಧರು ತಮ್ಮ ಬದುಕಿನ ಬಗೆಯನ್ನು 'ಬಿಲ್ಲು ಮತ್ತು ಕುದುರೆಯ ದಾರಿ' ಎಂದೇ ಕರೆದುಕೊಳ್ಳುತ್ತಿದ್ದರು. ಹದಿನಾಲ್ಕನೆಯ ಶತಮಾನದ ಯುದ್ಧಗಳಲ್ಲಿ ಗಾಯಗೊಂಡವರ ದಾಖಲೆಗಳನ್ನು ಪರಿಶೀಲಿಸಿದಾಗ ಹೆಚ್ಚಿನ ಗಾಯಗಳು ಬಾಣದಿಂದ ಆದವು ಎಂದು ಕಂಡುಬಂದಿದೆ.

ಅವರ ಬಿಲ್ಲಿನ ಹೆಸರು 'ಯುಮಿ'. ಬಿದಿರು ಮತ್ತು ಮರದ ಪಟ್ಟಿಗಳನ್ನು ಅಂಟಿಸಿ ಮಾಡಿದ ಇದರ ಉದ್ದ ಎರಡು ಮೀಟರಿಗೂ ಹೆಚ್ಚು, ಅಂದರೆ ಹಿಡಿದವನಿಗಿಂತ ಬಿಲ್ಲೇ ಎತ್ತರ. ಹಿಡಿಕೆ ನಡುವೆ ಇಲ್ಲ. ಕೆಳತುದಿಯಿಂದ ಸುಮಾರು ಮೂರನೇ ಒಂದು ಭಾಗದ ಎತ್ತರದಲ್ಲಿದೆ. ಇಂಥ ಬಿಲ್ಲನ್ನು ಓಡುವ ಕುದುರೆಯ ಮೇಲೆ ಕೂತು ಎಳೆದು ಗುರಿ ತಪ್ಪದೆ ಬಿಡುವುದೆಂದರೆ ಬಾಲ್ಯದಿಂದಲೇ ರೂಢಿಯಾಗಬೇಕಾದ ವಿದ್ಯೆ.

ಈ ಅಭ್ಯಾಸ ಎಲ್ಲಿಯವರೆಗೆ ಹೋಗಬಲ್ಲದು ಎಂಬುದಕ್ಕೆ ಕ್ಯೋಟೋ ನಗರದ ಸಂಜೂಸಂಗೆಂದೋ ದೇವಾಲಯ ಸಾಕ್ಷಿ. ಅದರ ಜಗಲಿ ಸುಮಾರು 120 ಮೀಟರ್ ಉದ್ದ, ಮೇಲೆ ತಗ್ಗಾದ ಸೂರು. ಸೂರಿಗೂ ಕಂಬಕ್ಕೂ ತಾಗದಂತೆ ಒಂದು ತುದಿಯಿಂದ ಇನ್ನೊಂದು ತುದಿಗೆ ಬಾಣ ದಾಟಿಸುವುದು ಅಲ್ಲಿ ಹಿಂದೆ ನಡೆಯುತ್ತಿದ್ದ ಸ್ಪರ್ಧೆ. 1686ರಲ್ಲಿ ವಾಸಾ ದೈಹಾಚಿರೋ ಎಂಬ ತರುಣ ಒಂದು ಹಗಲು ಒಂದು ರಾತ್ರಿಯಲ್ಲಿ 13,053 ಬಾಣ ಬಿಟ್ಟು 8,133ನ್ನು ದಾಟಿಸಿದನೆಂದು ದಾಖಲಾಗಿದೆ. ಲೆಕ್ಕ ಹಾಕಿದರೆ ನಿಮಿಷಕ್ಕೆ ಸರಾಸರಿ ಒಂಬತ್ತು ಬಾಣ, ಇಪ್ಪತ್ತನಾಲ್ಕು ಗಂಟೆ!

ಹಾಗಾದರೆ ಕೋವಿ ಗೆದ್ದದ್ದೇಕೆ?

1543ರಲ್ಲಿ ಪೋರ್ಚುಗೀಸರು ತಾನೆಗಾಶಿಮಾ ದ್ವೀಪಕ್ಕೆ ಬಂದಾಗ ಅವರೊಂದಿಗೆ ಬತ್ತಿಕೋವಿಯೂ ಬಂತು. ಅದು ನಿಧಾನದ ಆಯುಧ. ಒಂದು ಗುಂಡು ತುಂಬಿ ಹಾರಿಸುವಷ್ಟರಲ್ಲಿ ಬಿಲ್ಲುಗಾರ ಹಲವು ಬಾಣ ಬಿಟ್ಟಿರುತ್ತಾನೆ. ಮಳೆ ಬಂದರೆ ಬತ್ತಿ ಆರುತ್ತದೆ. ಆದರೂ ಕೆಲವೇ ದಶಕಗಳಲ್ಲಿ ಸಾಮಂತರೆಲ್ಲ ಕೋವಿಯ ಬೆನ್ನು ಹತ್ತಿದರು. 1575ರ ನಾಗಾಶಿನೋ ಕಾಳಗದಲ್ಲಿ ಓದಾ ನೊಬುನಾಗ ಮತ್ತು ತೊಕುಗಾವಾ ಇಯೆಯಾಸು ಅವರ ಸೇನೆ ಕೋವಿಗಳ ನೆರವಿನಿಂದ ತಾಕೆದಾ ಮನೆತನದ ಪಡೆಯನ್ನು ಮುರಿಯಿತು.

ಗುಂಡು ಕವಚವನ್ನು ಸೀಳುತ್ತದೆ ಎಂಬುದು ಒಂದು ಕಾರಣ. ಅಷ್ಟೇ ಮುಖ್ಯವಾದ ಇನ್ನೊಂದು ಕಾರಣವಿದೆ. ನೇಗಿಲು ಬಿಟ್ಟು ಬಂದ ರೈತನಿಗೆ ಕೋವಿ ಹಿಡಿಯುವುದನ್ನು ಕೆಲವು ವಾರಗಳಲ್ಲಿ ಕಲಿಸಬಹುದು. ಬಿಲ್ಲಾಳು ತಯಾರಾಗಲು ವರ್ಷಗಳು ಬೇಕು. ಯುದ್ಧದಲ್ಲಿ ಸತ್ತ ಕೋವಿಯವನ ಜಾಗಕ್ಕೆ ಮತ್ತೊಬ್ಬ ಬೇಗ ಸಿಗುತ್ತಿದ್ದ. ನುರಿತ ಬಿಲ್ಲುಗಾರ ಸತ್ತರೆ ಅವನೊಂದಿಗೆ ಅಷ್ಟು ವರ್ಷಗಳ ದುಡಿಮೆಯೂ ಹೋಗುತ್ತಿತ್ತು. ಕೋವಿ ಗೆದ್ದದ್ದು ಬಿಲ್ಲಿನ ದೋಷದಿಂದಲ್ಲ, ಕಲಿಕೆಗೆ ಬೇಕಾದ ಕಾಲದಿಂದ.

ಆಟ ತೋರಿಸದಿರುವುದು ಈ ಕಾಲವನ್ನೇ. 'ಶೋಗನ್ 2'ರಲ್ಲಿ ಒಂದು ಸುತ್ತು ಎಂದರೆ ಒಂದು ಋತು. ಹಣ ತೆತ್ತು ಒಂದು ಚಿತ್ರದ ಮೇಲೆ ಒತ್ತಿದರೆ ಒಂದೆರಡು ಸುತ್ತಿನಲ್ಲಿ ಒಂದು ಬಿಲ್ಲಾಳು ಪಡೆ ಸಿದ್ಧ. ಅಳಿದರೆ ಮತ್ತೊಂದು. ಆ ಒತ್ತಿನ ಹಿಂದೆ ಒಂದೊಂದು ಬಾಲ್ಯವಿತ್ತು ಎಂಬುದು ತೆರೆಯ ಮೇಲೆ ಕಾಣದು.

ಆಟವನ್ನು ಒಮ್ಮೆಗೇ ನಿಲ್ಲಿಸುವ ಬದಲು ತಂದೆತಾಯಿಯರು ಹತ್ತು ನಿಮಿಷ ಪಕ್ಕದಲ್ಲಿ ಕೂತು ಒಂದೆರಡು ಪ್ರಶ್ನೆ ಕೇಳಬಹುದು. ಬಿಲ್ಲುಗಾರರನ್ನು ಹಿಂದೆ ನಿಲ್ಲಿಸಿದ್ದೇಕೆ? ಮಳೆ ಬಂದರೆ ಯಾವ ಪಡೆ ಕೈಕೊಡುತ್ತದೆ? ಈ ಸೈನಿಕರು ಎಲ್ಲಿಂದ ಬಂದರು, ಯಾರು ಕಲಿಸಿದರು? ಮೊದಲ ಎರಡಕ್ಕೆ ಉತ್ತರ ಆಟದಲ್ಲೇ ಇದೆ. ಮೂರನೆಯದಕ್ಕೆ ಪುಸ್ತಕ ತೆರೆಯಬೇಕಾಗುತ್ತದೆ.

ಆ ಬಿಲ್ಲುವಿದ್ಯೆ ಇಂದೂ 'ಕ್ಯೂದೋ' ಎಂಬ ಹೆಸರಿನಲ್ಲಿ ಉಳಿದಿದೆ. ಜಪಾನಿನ ಅನೇಕ ಪ್ರೌಢಶಾಲೆಗಳಲ್ಲಿ ಅದರ ಸಂಘಗಳಿವೆ. ಅಲ್ಲಿ ಗುರಿಹಲಗೆ ಇರುವುದು 28 ಮೀಟರ್ ದೂರದಲ್ಲಿ, ಅದರ ಅಗಲ 36 ಸೆಂಟಿಮೀಟರ್. ಹೊಸದಾಗಿ ಸೇರಿದ ವಿದ್ಯಾರ್ಥಿ ನೇರವಾಗಿ ಅದರ ಮುಂದೆ ನಿಲ್ಲುವಂತಿಲ್ಲ. ಮೊದಲು ರಬ್ಬರಿನ ಪಟ್ಟಿ ಎಳೆದು ನಿಲುವು ಕಲಿಯಬೇಕು. ಆಮೇಲೆ ಎರಡು ಮೀಟರ್ ದೂರದ ಹುಲ್ಲಿನ ಕಂತೆಗೆ ಬಾಣ ಬಿಡಬೇಕು. ಅಷ್ಟು ಹತ್ತಿರದ ಗುರಿ ಯಾರಿಗೂ ತಪ್ಪದು. ಅಲ್ಲಿ ಗುರುಗಳು ನೋಡುವುದು ಬಾಣವನ್ನಲ್ಲ, ವಿದ್ಯಾರ್ಥಿ ನಿಂತ ರೀತಿಯನ್ನು.