ಬೀಪ್ ಅನ್ನದ ವಸ್ತುಗಳು

ಹೈದರಾಬಾದಿನವರಿಗೆ ಕೊಂಡಾಪುರ ಅಂದರೆ ಟ್ರಾಫಿಕ್, ಗಾಜಿನ ಕಟ್ಟಡ, ಬಾಡಿಗೆ. ಇನ್ನೊಂದು ಕೊಂಡಾಪುರ ಇದೆ, ಸಂಗಾರೆಡ್ಡಿ ಜಿಲ್ಲೆಯಲ್ಲಿ. ಅಲ್ಲಿಯ ಕೋಟಗಡ್ಡ ಎಂಬ ದಿಬ್ಬವನ್ನು 1940ರ ದಶಕದ ಆರಂಭದಲ್ಲಿ ನಿಜಾಮರ ಪುರಾತತ್ವ ಇಲಾಖೆ ಅಗೆಯಿತು. ಕೆಳಗೆ ಸಾತವಾಹನರ ಕಾಲದ ಊರು. ಮನೆಗಳ ಅಡಿಪಾಯ, ಸೀಸದ ನಾಣ್ಯಗಳು, ಮಣಿಗಳು, ಬಿಳಿ ಜೇಡಿಮಣ್ಣಿನ ಪುಟ್ಟ ಬೊಂಬೆಗಳು, ರೋಮ್ ಚಕ್ರವರ್ತಿ ಅಗಸ್ಟಸ್‌ನ ಒಂದು ಚಿನ್ನದ ನಾಣ್ಯ. ದಿಬ್ಬದ ಪಕ್ಕದಲ್ಲೇ ಮ್ಯೂಸಿಯಂ ಇದೆ. ಭಾನುವಾರ ಮಾಲ್‌ಗೆ ಹೋಗಿ ಸಾಕಾದವರು ಒಮ್ಮೆ ಹೋಗಿ ಬನ್ನಿ, ಮ್ಯಾಪಿನಲ್ಲಿ ಕೊಂಡಾಪುರ ಅಂತಷ್ಟೇ ಒತ್ತಿದರೆ ಮತ್ತೆ ಆಫೀಸಿಗೇ ಕರೆದುಕೊಂಡು ಹೋಗುತ್ತದೆ, ಎಚ್ಚರ.

ಈ ದಿಬ್ಬ ನೆನಪಾಗಿದ್ದು ನಮ್ಮ ಟೀಮಿನ ಹುಡುಗನೊಬ್ಬ ಆನ್‌ಲೈನಿನಲ್ಲಿ ಮೆಟಲ್ ಡಿಟೆಕ್ಟರ್ ತರಿಸಿಕೊಂಡಾಗ. ವೀಕೆಂಡಿಗೆ ಪಾಟಿಗಡ್ಡಗಳ ಕಡೆ ಹೋಗೋಣ ಸಾರ್ ಅಂದ. ಜನ ಬಿಟ್ಟುಹೋದ ಊರಿನ ದಿಬ್ಬಕ್ಕೆ ತೆಲುಗಿನಲ್ಲಿ ಪಾಟಿಗಡ್ಡ ಅನ್ನುತ್ತಾರೆ. ನಾವು ಹಾಳೂರು ಅನ್ನುತ್ತೇವೆ. ರೈತರು ತಲೆಮಾರುಗಳಿಂದ ಈ ದಿಬ್ಬಗಳ ಬೂದಿಮಣ್ಣನ್ನು ಗೊಬ್ಬರಕ್ಕೆಂದು ಹೊಲಕ್ಕೆ ಹೇರಿದ್ದಾರೆ. ಸಾವಿರ ವರ್ಷದ ಒಲೆ, ಕೊಟ್ಟಿಗೆ ಎಲ್ಲಾ ಜೋಳವಾಗಿ ಹೋಗಿವೆ. ಅದರ ಬಗ್ಗೆ ನನಗೆ ಅಷ್ಟೇನೂ ಸಿಟ್ಟಿಲ್ಲ.

ಯಂತ್ರ ಕೆಲಸ ಮಾಡುವ ರೀತಿ ಸರಳ. ಕೋಲಿನ ತುದಿಯ ಸುರುಳಿಯಲ್ಲಿ ಕರೆಂಟು ಹರಿದಾಗ ಕಾಂತಕ್ಷೇತ್ರ ಹುಟ್ಟುತ್ತದೆ. ಕೆಳಗೆ ಲೋಹ ಇದ್ದರೆ ಅದರಲ್ಲಿ ಸಣ್ಣ ಸುಳಿ ಕರೆಂಟು ಏಳುತ್ತದೆ. ಅದರ ಮಾರ್ದನಿಯನ್ನು ಯಂತ್ರ ಹಿಡಿದು ಬೀಪ್ ಅನ್ನುತ್ತದೆ. ಸಾಧಾರಣ ಯಂತ್ರಕ್ಕೆ ನಾಣ್ಯ ಕೇಳಿಸುವುದು ಗೇಣು ಆಳದವರೆಗೆ. 'ಮೂವತ್ತು ಅಡಿ ಕೆಳಗಿನ ನಿಧಿ ತೋರಿಸುತ್ತೆ' ಅಂತ ಮಾರುವವರು ನಿಂಬೆಹಣ್ಣು ಇಟ್ಟು ನಿಧಿ ತೋರಿಸುವವರ ಅಣ್ಣತಮ್ಮಂದಿರು. ಇನ್ನೊಂದು ಮಾತು: ಚಿನ್ನದ ಸಣ್ಣ ಉಂಗುರಕ್ಕೂ ಗುಟ್ಕಾ ಚೀಟಿಯ ಬೇಗಡೆಗೂ ಯಂತ್ರ ಹೆಚ್ಚು ಕಡಿಮೆ ಒಂದೇ ದನಿ ತೆಗೆಯುತ್ತದೆ. ನಮ್ಮ ದೇಶದ ಯಾವ ಹಾಳು ಜಾಗದಲ್ಲಿ ಬೇಗಡೆ ಇಲ್ಲ ಹೇಳಿ!

ಯಂತ್ರಕ್ಕೆ ಮಣ್ಣಂತೂ ಕೇಳಿಸುವುದೇ ಇಲ್ಲ. ಕೊಂಡಾಪುರದಲ್ಲಿ ನಾಣ್ಯಗಳಷ್ಟೇ ಅಲ್ಲ, ನಾಣ್ಯ ಎರಕ ಹೊಯ್ಯುವ ಸುಟ್ಟ ಮಣ್ಣಿನ ಅಚ್ಚುಗಳೂ ಸಿಕ್ಕವು. ಅಲ್ಲಿ ಹಣ ಓಡಾಡುತ್ತಿತ್ತು ಅಂತ ನಾಣ್ಯ ಹೇಳುತ್ತದೆ. ಹಣ ಅಲ್ಲೇ ತಯಾರಾಗುತ್ತಿತ್ತು ಅಂತ ಹೇಳುವುದು ಅಚ್ಚು. ಡಿಟೆಕ್ಟರ್ ಹಿಡಿದವನು ನಾಣ್ಯ ಕಿತ್ತುಕೊಂಡು, ಅಚ್ಚನ್ನು ಹೆಂಚಿನ ಚೂರು ಅಂತ ಪಕ್ಕಕ್ಕೆ ಎಸೆದು ಬರುತ್ತಿದ್ದ.

ಇಂಗ್ಲೆಂಡಿನಲ್ಲಿ ಇದು ಮರ್ಯಾದಸ್ಥರ ಹವ್ಯಾಸ ನಿಜ. 2009ರಲ್ಲಿ ಸ್ಟಾಫರ್ಡ್‌ಶೈರಿನ ಹೊಲವೊಂದರಲ್ಲಿ ಹೀಗೆ ಹುಡುಕುತ್ತಿದ್ದವನಿಗೆ ಆಂಗ್ಲೋ ಸ್ಯಾಕ್ಸನ್ ಚಿನ್ನದ ರಾಶಿ ಸಿಕ್ಕಿತು. ಅದರ ಬೆಲೆ ಮೂವತ್ತೆರಡು ಲಕ್ಷ ಪೌಂಡಿಗೂ ಹೆಚ್ಚು ಅಂತ ನಿರ್ಧಾರವಾಗಿ, ಆ ಹಣವನ್ನು ಅವನೂ ಹೊಲದ ಮಾಲೀಕನೂ ಹಂಚಿಕೊಂಡರು. ಅಲ್ಲಿ ಸಿಕ್ಕಿದ್ದನ್ನು ಎಲ್ಲಿ, ಎಷ್ಟು ಆಳದಲ್ಲಿ ಅಂತ ಬರೆಸುವ ವ್ಯವಸ್ಥೆ ಇದೆ. ನಮ್ಮಲ್ಲಿ ಇರುವುದು 1878ರ ನಿಧಿ ಕಾಯ್ದೆ. ಹತ್ತು ರೂಪಾಯಿಗಿಂತ ಹೆಚ್ಚು ಬೆಲೆಯ ಯಾವ ನಿಕ್ಷೇಪ ಸಿಕ್ಕರೂ ಕಲೆಕ್ಟರಿಗೆ ಬರೆದು ತಿಳಿಸಬೇಕು. ಮುಚ್ಚಿಟ್ಟರೆ ಒಂದು ವರ್ಷದವರೆಗೆ ಜೈಲು. ಕರ್ನಾಟಕಕ್ಕೆ ತನ್ನದೇ 1962ರ ಕಾಯ್ದೆ ಇದೆ. ಸಂರಕ್ಷಿತ ಜಾಗವಾದರೆ ಗುದ್ದಲಿ ಮುಟ್ಟುವ ಹಾಗೇ ಇಲ್ಲ. ಇದೆಲ್ಲಾ ಹೇಳಿದ ಮೇಲೆ ನಮ್ಮ ಹುಡುಗ ಯಂತ್ರವನ್ನು ಅಪಾರ್ಟ್‌ಮೆಂಟಿನ ಪಾರ್ಕಿನಲ್ಲಿ ಓಡಿಸಿ ಎರಡು ಬೀಗದ ಕೈ, ಒಂದು ಕಾಲ್ಗೆಜ್ಜೆ ಹುಡುಕಿಕೊಟ್ಟ. ಗೆಜ್ಜೆಯ ವಾರಸುದಾರರು ಅವನಿಗೆ ಪೂರಿ ತಿನ್ನಿಸಿದರು.

ಅವನನ್ನು ಒಪ್ಪಿಸಿದ್ದು ಸುಲಭ. ನಮ್ಮ ಕಾಕಾನ ಮಗನನ್ನು ಒಪ್ಪಿಸುವುದು ಸುಲಭವಲ್ಲ.

ನಮ್ಮೂರು ಬಾಗಲಕೋಟೆ ಹತ್ತಿರ, ಆಲಮಟ್ಟಿ ಹಿನ್ನೀರಿನೊಳಗೆ. ಊರು ಬಿಡುವಾಗ ಜಂತಿ, ತೊಲೆ, ತಲೆಬಾಗಿಲು ಎಲ್ಲಾ ಕಿತ್ತುಕೊಂಡು ಹೊಸ ಪ್ಲಾಟಿಗೆ ತಂದರು. ಗೋಡೆ ಉಳಿಯಿತು, ನೀರಿನಲ್ಲಿ ಕರಗಿತು. ಮೇ ತಿಂಗಳಲ್ಲಿ ನೀರು ಇಳಿದರೆ ಅಡಿಪಾಯದ ಕಲ್ಲು, ಒರಳು, ಹಗೇವಿನ ಬಾಯಿ ಕಾಣಿಸುತ್ತವೆ. ಹಗೇವು ಗೊತ್ತಿಲ್ಲದ ಬೆಂಗಳೂರಿಗರಿಗೆ: ಜೋಳ ತುಂಬಿಡಲು ನೆಲದೊಳಗೆ ತೋಡಿದ ಕಣಜ. ಆ ಹಗೇವಿನಲ್ಲಿ ಮುತ್ತಜ್ಜಿ ಬಂಗಾರ ಹೂತಿದ್ದಳು ಅನ್ನುವ ಮಾತು ನಮ್ಮ ಮನೆತನದಲ್ಲಿ ಮೊದಲಿಂದ ಇದೆ.

ತಮ್ಮನಿಗೆ ಸಾಲ ಇದೆ. ಪರಿಹಾರದ ಹಣ ಹೋಗಿ ಎಷ್ಟೋ ವರ್ಷವಾಯಿತು. ಫೋನು ಮಾಡಿ, "ಅಣ್ಣಾ, ಹೈದರಾಬಾದಿನ್ಯಾಗ ಅವು ಮಷೀನ್ ಸಿಗತಾವಂತ, ಈ ಸಲ ಒಂದು ತಗೊಂಡ ಬಾ" ಅಂದ. ಜಾಗ ಈಗ ಸರಕಾರದ್ದು, ಸಿಕ್ಕರೆ ಡಿಸಿ ಆಫೀಸಿಗೆ ತಿಳಿಸಬೇಕು ಅಂದೆ. "ನಮ್ಮ ಮುತ್ತಜ್ಜಿ ಬಂಗಾರ ಡಿಸಿ ಸಾಹೇಬ್ರಿಗ್ಯಾಕ?" ಅಂದ. ಕಾನೂನಿನ ಉತ್ತರ ನನ್ನ ಬಳಿ ಇತ್ತು, ಆದರೆ ಆ ಪ್ರಶ್ನೆಗೆ ಅದು ಉತ್ತರ ಅನ್ನಿಸಲಿಲ್ಲ.

ಮಸ್ಕಿಯ ಕಥೆ ಹೇಳಿ ನೋಡಿದೆ. 1915ರಲ್ಲಿ ಬೀಡನ್ ಎಂಬ ಗಣಿ ಎಂಜಿನಿಯರ್ ಚಿನ್ನ ಹುಡುಕುತ್ತಾ ರಾಯಚೂರು ಸೀಮೆಯಲ್ಲಿ ಅಲೆಯುತ್ತಿದ್ದಾಗ ಬಂಡೆಯ ಮೇಲಿನ ಬರಹ ಕಂಡ. ದೇವಾನಾಂಪ್ರಿಯ ಅಂದರೆ ಅಶೋಕನೇ ಎಂದು ಹೆಸರು ಹಿಡಿದು ಹೇಳಿದ ಮೊದಲ ಶಾಸನ ಅದು. ಆಗ ಮಸ್ಕಿ ಹೈದರಾಬಾದ್ ಸಂಸ್ಥಾನದಲ್ಲಿತ್ತು, ಆ ಸಂಸ್ಥಾನದ ಪುರಾತತ್ವ ಮಾಲೆಯ ಮೊದಲ ಪುಸ್ತಕವೇ ಆ ಶಾಸನದ್ದು. "ಅವ್ನಿಗೆ ಪಗಾರ ಇತ್ತಲ್ಲ ಅಣ್ಣಾ" ಅಂದ ತಮ್ಮ. ಸುಳ್ಳಲ್ಲ.

ಕೊನೆಗೆ ಆಯಿಗೆ ಫೋನು ಕೊಡು ಅಂದೆ. ಆಕೆಗೀಗ ಎಂಬತ್ತೆಂಟು, ಕಿವಿ ಮಂದ, ನೆನಪು ಮಂದವಿಲ್ಲ. ಬಂಗಾರದ ಮಾತು ಕೇಳಿ ನಕ್ಕಳು. "72ರ ಬರದಾಗ ನಮ್ಮತ್ತಿ ಬಂಗಾರೆಲ್ಲಾ ಜೋಳ ಆತು. ಹಗೇದಾಗ ಏನೈತಿ, ಮಣ್ಣೈತಿ." ಯಾರಿಗೂ ಯಾಕೆ ಹೇಳಲಿಲ್ಲ ಅಂದರೆ, "ಬಂಗಾರ ಐತಿ ಅಂದ್ರನ ಮಂದಿ ಕೈಗಡ ಕೊಡತಿದ್ರು" ಅಂದಳು.

ತಮ್ಮ ಪೂರ್ತಿ ನಂಬಿಲ್ಲ. ಅವನ ಸಾಲಕ್ಕೆ ಸ್ವಲ್ಪ ಹಣ ಹಾಕಿದ್ದೇನೆ, ಯಂತ್ರ ಒಯ್ಯುತ್ತಿಲ್ಲ. ಈ ಮೇ ತಿಂಗಳಲ್ಲಿ ಅಳತೆ ಟೇಪು ಒಯ್ಯುತ್ತೇನೆ. ಆಲಮಟ್ಟಿಯ ನೀರಿನ ಮಟ್ಟವನ್ನು 519.6 ಮೀಟರಿನಿಂದ 524.256ಕ್ಕೆ ಏರಿಸುವ ಯೋಜನೆ ಇದೆ. ಅಷ್ಟರೊಳಗೆ ಮನೆ ಎಲ್ಲಿತ್ತು, ಎಷ್ಟಿತ್ತು ಅಂತ ಬರೆದಿಡಬೇಕು. ಹಳೇ ಕ್ಯಾಲೆಂಡರಿನ ಹಿಂಬದಿಗೆ ಆಯಿ ಹೇಳಿದಂತೆ ತಮ್ಮನ ಮಗಳು ನಕ್ಷೆ ಬರೆಯುತ್ತಿದ್ದಾಳೆ. ಪಡಸಾಲೆ, ಅಡುಗೆಮನೆ, ಎತ್ತು ಕಟ್ಟುವ ಗೋದಲಿ ಆಗಿವೆ. ಹಗೇವು ಪಡಸಾಲೆ ಒಳಗಿತ್ತೋ ಹೊರಗಿತ್ತೋ ಅಂತ ಆಯಿಗೂ ಕಾಕಾಗೂ ಜಗಳ ನಡೆದಿದೆ.